ಹಾಲುಕ್ಕದೆ ಹೊರಡದ ಕ್ಯಾರವಾನ್

ನಮ್ಮ ಮನೆಯವರು ಮದುವೆಯಾಗಿರುವುದು ನನ್ನನ್ನೋ, ಮನೆ ಮುಂದೆ ನಿಂತಿರುವ ಕ್ಯಾರವಾನನ್ನೋ ಎಂದು ಯಾರಾದರೂ ಕೇಳಿದರೆ ನಾನು ಸಬ್ಜೆಕ್ಟ್ ಬದಲಾಯಿಸುತ್ತೇನೆ. ಮಾರ್ಚ್ ಬಂತೆಂದರೆ ಈ ಮನುಷ್ಯ ಕೂತಲ್ಲಿ ಕೂರುವುದಿಲ್ಲ. ಹಿಮ ಮೊಣಕಾಲುದ್ದ ಇರುವಾಗಲೇ ಕಿಟಕಿಗೂ ಬಾಗಿಲಿಗೂ ಶತಪಥ. ಗ್ಯಾಸ್ ಪೈಪಿಗೆ ಸೋಪಿನ ನೊರೆ ಬಳಿದು, ಗುಳ್ಳೆ ಬರುತ್ತದೋ ಎಂದು ಧ್ಯಾನಸ್ಥರಾಗಿ ಕೂರುತ್ತಾರೆ. ಕ್ಯಾರವಾನಿನ ಹಾಸಿಗೆಗಳಂತೂ ಚಳಿಗಾಲವಿಡೀ ನಮ್ಮ ಬೆಡ್‌ರೂಮಿನಲ್ಲಿ ವಿಐಪಿ ಗೆಸ್ಟುಗಳಂತೆ ಒರಗಿರುತ್ತವೆ. ನಾನು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತೇನೆ!

ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಎಂಬ ಊರಿನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಉಕ್ಕಿನ ಜೊತೆ ಹೆಣಗಿದ ಎಂಜಿನಿಯರ್ ಇವರು. ರಿಟೈರ್ ಆದ ಮೇಲೂ ಉಕ್ಕು ಬಿಟ್ಟಿಲ್ಲ, ಈಗಿನದು ಹಾಲಿನದು ಅಷ್ಟೇ. ಕಾರಣ ಒಂದು ಪದ. ಸ್ವೀಡಿಷಿನಲ್ಲಿ ಕ್ಯಾರವಾನಿಗೆ ‘ಹೂಸ್‌ವಾಂಗ್ನ್’ ಎನ್ನುತ್ತಾರೆ. ಹೂಸ್ ಎಂದರೆ ಮನೆ. ದಯವಿಟ್ಟು ನಗಬೇಡಿ, ಕಾನ್ವೆಂಟಿನಲ್ಲಿ ಓದಿದ ನಾನೇ ಸಹಿಸಿಕೊಂಡಿದ್ದೇನೆ. ವಾಂಗ್ನ್ ಎಂದರೆ ಗಾಡಿ. ಬರೀ ಗಾಡಿಯಾದರೆ ಚಕ್ರದಡಿ ನಿಂಬೆಹಣ್ಣು ಸಾಕು. ಮನೆಯೂ ಆದರೆ?

“ಹಾಲುಕ್ಕಿಸ್ಬೇಕು ಕಣೇ. ಹಾಲುಕ್ಕದೆ ನಾನು ಹೊರಡಲ್ಲ.”

ಹೀಗೆ ಪ್ರತಿ ವಸಂತದಲ್ಲೂ ನಮಗೊಂದು ಗೃಹಪ್ರವೇಶ. ಹಾಲು ಪೂರ್ವಕ್ಕೆ ಚೆಲ್ಲಿದರೆ ಶುಭ. ಪಶ್ಚಿಮಕ್ಕೆ ಚೆಲ್ಲಿದರೆ ಗಾಡಿ ವಾಲಿದೆ ಎಂದರ್ಥ. ಕೆಳಗಿಳಿದು ಜ್ಯಾಕ್ ತಿರುಗಿಸುತ್ತಾರೆ. ಶಾಸ್ತ್ರವೂ ಆಯಿತು, ಲೆವೆಲಿಂಗೂ ಆಯಿತು!

ಈ ವರ್ಷ ಗಾಡಿಯ ಗೋಡೆ, ನೆಲದ ತೇವ ಪರೀಕ್ಷಿಸಲು ಒಬ್ಬ ಮೆಕ್ಯಾನಿಕ್ ಬಂದ. ಒಲೆಯ ಹತ್ತಿರ ಹೋದದ್ದೇ ಅವನ ಮೀಟರು ಕಿರುಚಿತು.

“ಇಲ್ಲಿ ನೀರು ಇಳಿದಿದೆ. ಮೇಲಿಂದ ಸೋರುತ್ತಾ?”

“ನೀರಲ್ಲ, ಹಾಲು,” ಎಂದರು ಇವರು.

“ಹಾಲಾ?”

“ವರ್ಷಕ್ಕೊಂದೇ ಸಲ. ಬೇಕಂತಲೇ ಚೆಲ್ಲೋದು.”

ಅವನು ನನ್ನ ಮುಖ ನೋಡಿದ. ನಾನು ಕಾಫಿ ಮುಂದಿಟ್ಟು, ಹಾಲು ಹಾಕಲೇ ಎಂದೆ. “ಬೇಡ ಬೇಡ, ಬ್ಲ್ಯಾಕ್ ಸಾಕು,” ಎಂದ, ಕಪ್ಪಿನ ಮೇಲೆ ಕೈ ಮುಚ್ಚಿ.

ಕೊಳೆತ ಹಲಗೆ ಬದಲಾಯಿಸಿ, ಇನ್ನು ಒಳಗೆ ಒಂದು ಹನಿ ಹಾಲು ಬಿದ್ದರೂ ನೆಲ ಉಳಿಯುವುದಿಲ್ಲ ಎಂದು ಹೇಳಿ ಹೋದ. ಇವರು ಒಳಗೇ ಕುಸಿದು ಕೂತರು.

“ಹಾಗಾದ್ರೆ ಈ ವರ್ಷ ಟ್ರಿಪ್ ಕ್ಯಾನ್ಸಲ್.”

“ಏನ್ರೀ ಹಠ ಇದು? ಒಂದು ಸಲ ಉಕ್ಕದಿದ್ರೆ ಏನಾಗ್ಬಿಡತ್ತೆ?”

ಇವರು ಹೊಸ ಹಲಗೆಯನ್ನೇ ನೋಡುತ್ತಿದ್ದರು.

ಆ ಪ್ರಶ್ನೆಯನ್ನು ನಾನಂತೂ ಕೇಳಬಾರದಿತ್ತು. ಎಷ್ಟೋ ವರ್ಷಗಳ ಹಿಂದೆ, ನಾವು ಈ ದೇಶಕ್ಕೆ ಬಂದ ಹೊಸತು. ಬಾಡಿಗೆ ಫ್ಲ್ಯಾಟಿನ ಬಿಳೀ ಒಲೆ, ಮೊದಲ ದಿನದ ಹಾಲು. ‘ಕ್ಲೀನ್‌ಲಿನೆಸ್, ಗರ್ಲ್ಸ್’ ಎಂದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ಬೆಳೆಸಿದ ಕೈ ನನ್ನದು. ಉಕ್ಕುವ ಕ್ಷಣಕ್ಕೆ ಸರಿಯಾಗಿ ಪಾತ್ರೆ ಇಳಿಸಿಬಿಟ್ಟೆ. “ಇರ್ಲಿ ಬಿಡು,” ಎಂದರು ಇವರು, ಅಷ್ಟೇ. ಅದೇ ಚಳಿಗಾಲ ಆಸ್ಪತ್ರೆಯಿಂದ ಮಗುವಿಲ್ಲದೆ ಬರಿಗೈಯಲ್ಲಿ ಮನೆಗೆ ಬಂದೆ. ಈ ಎರಡನ್ನೂ ಸೇರಿಸಿ ಅವರು ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಸೇರಿಸಿಕೊಂಡವಳು ನಾನು.

ಇವರನ್ನು ಗಾಡಿಯೊಳಗೇ ಬಿಟ್ಟು ಎದ್ದೆ. ಸಣ್ಣ ಗ್ಯಾಸ್ ಒಲೆಯನ್ನು ಹೊರಗೆ ಹುಲ್ಲಿನ ಮೇಲೆ ಇಟ್ಟು, ಹಾಲು ಕಾಯಿಸತೊಡಗಿದೆ. ಹಾಲು ಏರಿತು. ಹಳೇ ಅಭ್ಯಾಸ, ಕೈ ಪಾತ್ರೆಯತ್ತ ಹೋಯಿತು. ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡೆ.

ಸುಟ್ಟ ಹಾಲಿನ ವಾಸನೆಗೆ ಇವರು ಒಳಗಿನಿಂದಲೇ ಕೇಳಿದರು. “ಯಾವ ಕಡೆ ಚೆಲ್ತು ಕಣೇ?”

“ಎಲ್ಲಾ ಕಡೆಗೂ ರೀ. ಹೊರಡೋಣ ಬನ್ನಿ.”