ಕೋಟೆ ಬೀದಿಯಲ್ಲಿ ನಾನು ಧ್ಯಾನಕ್ಕೆ ಕುಳಿತದ್ದು

ನನಗೆ ಸಿಟ್ಟು ಜಾಸ್ತಿ ಎಂಬ ಸಂಗತಿ ಸಿರಾದ ಮಿಡ್ಲ್ ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಮೇಷ್ಟ್ರಾಗಿದ್ದ ನನಗೊಬ್ಬನಿಗೆ ಗೊತ್ತಿರಲಿಲ್ಲ. ಅದು ತಿಳಿದದ್ದು ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ತುಮಕೂರಿನಿಂದ ಸಿರಾಕ್ಕೆ ಹೊರಟಿದ್ದ ನಮ್ಮ ಬಸ್ಸು ಕಳ್ಳಂಬೆಳ್ಳದಲ್ಲಿ ಕೆಮ್ಮಿ ನಿಂತಿತು. ಮೂರು ಗಂಟೆ ನಿಂತೇ ಇತ್ತು. ಅಷ್ಟರಲ್ಲಿ ನಾನು ಡ್ರೈವರನ ಜೊತೆ ನಾಲ್ಕು ಸಲ, ಕಂಡಕ್ಟರನ ಜೊತೆ ಐದು ಸಲ ಜಗಳವಾಡಿದೆ. ಇಬ್ಬರೂ ಕಾಫಿಗೆ ಹೋದ ಮೇಲೆ ಬಸ್ಸಿನ ಹಿಂದಿದ್ದ ಇದ್ದಲೊಲೆಯನ್ನು ಬೈದೆ.

ಏರಿಯ ಮೇಲೆ ಒಂದು ಮರದ ಕೆಳಗೆ ನಮ್ಮ ಬಸ್ಸಿನವರೇ ಆದ ಬೌದ್ಧ ಭಿಕ್ಷುವೊಬ್ಬರು ಕುಳಿತಿದ್ದರು. ಮೊಳಕಾಲ್ಮೂರಿನ ಕಡೆ ಅಶೋಕನ ಶಾಸನ ನೋಡಲು ಹೊರಟವರು. ಮೂರು ಗಂಟೆಯೂ ಕಣ್ಣು ಮುಚ್ಚಿ ಕದಲದೆ ಕುಳಿತಿದ್ದರು. ಬಸ್ಸು ಹೊರಟಾಗ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತು ನಕ್ಕರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ವಿಷಯ ತಿಳಿಯಿತು: ನನಗೆ ಸಿಟ್ಟು ಜಾಸ್ತಿ, ಅದಕ್ಕೆ ಧ್ಯಾನವೇ ಮದ್ದು. ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಬೇಕು. ಉಸಿರು ಒಳಗೆ ಬರುವುದನ್ನು ಗಮನಿಸಬೇಕು, ಹೊರಗೆ ಹೋಗುವುದನ್ನು ಗಮನಿಸಬೇಕು. ಮನಸ್ಸು ಓಡಿಹೋದರೆ ಎಣಿಸಬೇಕು. ದಿನಕ್ಕೆ ಒಂದು ಗಂಟೆ. ಅಷ್ಟೆ.

ಅಷ್ಟೆಯೇ? ಹನ್ನೆರಡು ವರ್ಷದಿಂದ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿರುವವನಿಗೆ ಎಣಿಸುವುದು ಒಂದು ಕಷ್ಟವೇ? ಸಿರಾದಲ್ಲಿ ಬಸ್ಸಿಳಿಯುವ ಹೊತ್ತಿಗೆ ನಾನು ಶಾಂತಪುರುಷನಾಗುವುದೆಂದು ನಿಶ್ಚಯ ಮಾಡಿಯಾಗಿತ್ತು.

ನನ್ನ ಹೆಂಡತಿ ಗಂಗಮ್ಮ ಮಧುಗಿರಿಯ ಕಡೆಯವಳು. ವಿಷಯ ಕೇಳಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಮನೇಲಿ ಲಿಂಗಪೂಜೆ ಇಲ್ವಾ? ಅದು ಸಾಲ್ದಾ?"

"ಪೂಜೆ ಪೂಜೆಯೇ. ಇದು ಸಿಟ್ಟಿಗೆ."

"ಬುದ್ಧ ಅಂದ್ರೆ ಹೆಂಡ್ತಿ ಮಗೂನ ಬುಟ್ಟು ಹೋದೋನಲ್ವಾ? ನೀವೇ ಪಾಠ ಓದ್ಕೋತಿದ್ರಿ. ನಾನು ಕೇಳಿಸ್ಕೊಂಡಿದೀನಿ."

"ಅದು ಬೇರೆ ವಿಷಯ."

"ಅವನೂ ಹೆಂಡ್ತಿಗೆ ಅಂಗೇ ಹೇಳಿರ್ತಾನೆ."

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದ ನಮ್ಮ ಒಂದು ವರ್ಷದ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ನನ್ನ ಚಪ್ಪಲಿ ಕಾಣಲಿಲ್ಲ, ಕೊಡೆಯೂ ಕಾಣಲಿಲ್ಲ. ಸ್ಕೂಲಿನ ಹೊತ್ತಿಗೆ ಎರಡೂ ಬಾಗಿಲ ಬಳಿ ಬಂದು ಕುಳಿತಿದ್ದವು. ಧ್ಯಾನದ ಒಂದು ಗಂಟೆ ಮಾತ್ರ ಅವು ಮಾಯ. ಬರಿಗಾಲಲ್ಲಿ, ಕೊಡೆಯಿಲ್ಲದೆ ಯಾರೂ ಸನ್ಯಾಸಕ್ಕೆ ಹೊರಡುವುದಿಲ್ಲ ಎಂಬುದು ಅವಳ ಲೆಕ್ಕವಿರಬೇಕು.

ಮೊದಲ ದಿನ ಆರು ಗಂಟೆಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳಿತೆ. ಕಣ್ಣು ಮುಚ್ಚಿದೆ. ಒಂದು ಉಸಿರು. ಎರಡು ಉಸಿರು. ಮೂರನೆಯದಕ್ಕೆ ಗೋಡೆಯಾಚೆಯಿಂದ ಠಣ್ ಎಂದಿತು. ಆಮೇಲೆ ಠಣ್ ಠಣ್ ಎನ್ನುತ್ತಲೇ ಹೋಯಿತು.

ಗೋಡೆಯ ಆ ಕಡೆ ಬಾಷಾ ಸಾಹೇಬರ ಕೆಲಸದ ಮನೆ. ತಗಡಿನ ಬಕೆಟ್ಟು, ಕೊಳಗ, ಲಾಟೀನು ಮಾಡುವವರು. ಅರವತ್ತು ದಾಟಿದ ಸಣಕಲು ಮನುಷ್ಯ. ಬೆಳಗಿನ ನಮಾಜು ಮುಗಿಸಿ ಸುತ್ತಿಗೆ ಹಿಡಿದರೆ ಬಿಸಿಲೇರುವವರೆಗೆ ಬಿಡುತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಆ ಸದ್ದಿನ ಪಕ್ಕದಲ್ಲೇ ಉಂಡು, ಮಲಗಿ, ಪರೀಕ್ಷೆಯ ಪೇಪರು ತಿದ್ದಿದ್ದೆ. ಅದೊಂದು ಸದ್ದು ಎಂದು ನನಗೆ ತಿಳಿದದ್ದು ಅಂದೇ.

ಹೋಗಿ ಅವರ ಬಾಗಿಲಲ್ಲಿ ನಿಂತೆ. ಶಾಂತಪುರುಷನಾಗುವವನು ಜಗಳವಾಡಬಾರದಲ್ಲ, ಅರ್ಜಿ ಬರೆಯುವ ಧಾಟಿಯಲ್ಲಿ ಹೇಳಿದೆ: "ಸಾಹೇಬರೇ, ಬೆಳಿಗ್ಗೆ ಆರರಿಂದ ಏಳರವರೆಗೆ ತಾವು ಕೃಪೆಯಿಟ್ಟು ಸದ್ದು ಮಾಡದಿದ್ದರೆ ನನಗೆ ಮಹದುಪಕಾರವಾಗುತ್ತದೆ."

ಅವರು ಗಾಬರಿಯಾಗಿ ಎದ್ದರು. "ಏನಾಯ್ತು ಮೇಷ್ಟ್ರೇ? ತಬಿಯತ್ತು ಸರಿ ಇಲ್ವಾ?"

"ಹಾಗೇನಿಲ್ಲ. ಒಂದು ಸಾಧನೆ ಹಿಡಿದಿದ್ದೇನೆ."

ಸಾಧನೆ ಎಂಬ ಮಾತು ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ನನ್ನ ಹಿಂದೆ ಬಂದು ನಿಂತಿದ್ದ ಗಂಗಮ್ಮನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಸುತ್ತಿಗೆ ಕೆಳಗಿಟ್ಟು, "ಆಯ್ತು, ಆಯ್ತು. ನೀವು ಹೋಗಿ" ಎಂದರು, ಕಾಯಿಲೆಯವನಿಗೆ ಹೇಳುವಂತೆ.

ಎರಡನೆಯ ದಿನ ಎದುರು ಮನೆಯ ಹನುಮಕ್ಕನ ರಾಗಿ ಬೀಸುವ ಕಲ್ಲು ಅಡ್ಡ ಬಂತು. ಅವಳು ಬೀಸುವಾಗ ಹಾಡುತ್ತಿದ್ದಳು. ಕಲ್ಲಿಗಿಂತ ಹಾಡು ಜೋರು. ಅಲ್ಲಿಗೂ ಹೋಗಿ ಅದೇ ಅರ್ಜಿ ಒಪ್ಪಿಸಿದೆ. "ಅದಕ್ಕೇನು ಬುಡಿ ಮೇಷ್ಟ್ರೇ, ಪಾಪ" ಎಂದಳು. ಮೂರನೆಯ ದಿನ ಅವಳ ಹುಂಜ ಕೂಗಿತು. ಹುಂಜದ ವಿಷಯವನ್ನೂ ಪ್ರಸ್ತಾಪಿಸಿದೆ. ಮರುದಿನದಿಂದ ಹುಂಜ ಗೋಣಿ ಹೊದಿಸಿದ ಮಂಕರಿಯೊಳಗೆ ಸೇರಿತು. ಆರು ಗಂಟೆಗೆ ಎತ್ತಿನ ಗಾಡಿಯವರು ಸಹ ನಮ್ಮ ಬೀದಿಯಲ್ಲಿ ಎತ್ತಿನ ಕೊರಳ ಗೆಜ್ಜೆಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುವುದನ್ನು ಕಂಡೆ.

ನನ್ನ ಸಾಧನೆಗೆ ಊರು ಇಷ್ಟು ಗೌರವ ಕೊಡುವುದು ನೋಡಿ ಎದೆ ತುಂಬಿ ಬಂತು. ಗೌರವ ಬಂದ ಮೇಲೆ ಹಿಂದೆ ಸರಿಯುವ ಮಾತೇ ಇಲ್ಲ. ಕಾಲು ಜೋಮು ಹಿಡಿಯಲಿ, ಸೊಳ್ಳೆ ಕಚ್ಚಲಿ, ಒಂದು ದಿನವೂ ತಪ್ಪಿಸಲಿಲ್ಲ. ಬೆನ್ನು ನೋವಿಗೆ ಒಂದು ಸಣ್ಣ ತಿದ್ದುಪಡಿ ಮಾತ್ರ ಮಾಡಿಕೊಂಡೆ. ಗೋಡೆಗೆ ಒರಗಿ, ಹಿಂದೆ ಒಂದು ದಿಂಬು ಇಟ್ಟುಕೊಂಡೆ.

ದಿಂಬು ಬಂದ ದಿನದಿಂದ ನನ್ನ ಪ್ರಗತಿ ಅದ್ಭುತವಾಯಿತು. ಹದಿನೈದು ಇಪ್ಪತ್ತು ಉಸಿರು ಎಣಿಸುವಷ್ಟರಲ್ಲಿ ಎಣಿಕೆ ತಾನಾಗಿ ಕಳಚಿ ಬೀಳುತ್ತಿತ್ತು. ದೇಹವಿಲ್ಲ, ಸದ್ದಿಲ್ಲ, ಹೊತ್ತಿನ ಪರಿವೆಯಿಲ್ಲ. ಕಣ್ಣು ತೆರೆದರೆ ಏಳು ಗಂಟೆ. ಕೆನ್ನೆಯ ಮೇಲೆ ಆನಂದಬಾಷ್ಪದ ಗುರುತು ಇರುತ್ತಿತ್ತು. ಅದು ಕಣ್ಣಿನಿಂದ ಇಳಿಯದೆ ಬಾಯಿಯ ಮೂಲೆಯಿಂದ ಇಳಿದಿರುತ್ತಿತ್ತು ಎನ್ನುವುದು ಮಾತ್ರ ಸ್ವಲ್ಪ ವಿಚಿತ್ರವಾಗಿತ್ತು.

ಅಷ್ಟು ಹೊತ್ತಿಗೆ ಚಪ್ಪಲಿ ಮಾಯವಾಗುವುದೂ ನಿಂತಿತ್ತು. ಗಂಗಮ್ಮನ ಮುಖ ಗೆಲುವಾಗಿತ್ತು.

"ಹೆಂಗಿತ್ತು ಇವತ್ತು?" ಎಂದು ದಿನವೂ ಕೇಳುವಳು.

"ಮಾತಿನಲ್ಲಿ ಹೇಳಲಾಗದು."

"ನಾನು ಹೇಳ್ಲಾ?"

"ಅನುಭವವಿಲ್ಲದವರಿಗೆ ತಿಳಿಯದು, ಗಂಗಾ."

"ಅದೂ ಸರಿ ಬುಡಿ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗುವಳು.

ಹೀಗೆ ಎರಡು ತಿಂಗಳಾಯಿತು. ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದಲ್ಲಿ ಉಪನ್ಯಾಸವಿತ್ತು. ಬೆಳಿಗ್ಗೆಯೇ ಬರಬೇಕಿದ್ದ ಉಪನ್ಯಾಸಕರ ಬಸ್ಸು ಎಲ್ಲೋ ದಾರಿಯಲ್ಲಿ ನಿಂತುಹೋಗಿ ಅವರು ಬರಲಿಲ್ಲ. ನಮ್ಮ ಹೆಡ್‌ಮೇಷ್ಟ್ರು ಮಧ್ಯಾಹ್ನವೇ ನನಗೆ ಹೇಳಿಕಳಿಸಿದರು: ಏನಾದರೂ ಮಾತಾಡಿ, ಅರ್ಧ ಗಂಟೆ ಸಾಕು. ನಾನು ಎರಡು ತಿಂಗಳಿಂದ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ. ಬೀದಿಯವರಿಗೆಲ್ಲ ನಾನೇ ಮನೆಮನೆಗೆ ಹೋಗಿ ಬರಹೇಳಿದೆ. ಎಲ್ಲರೂ ಬಂದರು. ಬಾಷಾ ಸಾಹೇಬರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತರು. ಹೆಂಗಸರ ಚಾಪೆಯ ಮೇಲೆ ಹನುಮಕ್ಕನ ಪಕ್ಕದಲ್ಲಿ ಗಂಗಮ್ಮ, ಮಡಿಲಲ್ಲಿ ಮಗಳು. ಗಂಗಮ್ಮ ಯಾಕೋ ನೆಲ ನೋಡುತ್ತಿದ್ದಳು.

ನಾನು ಭಗವಾನ್ ಬುದ್ಧನಿಂದ ಆರಂಭಿಸಿ ಹತ್ತು ನಿಮಿಷದಲ್ಲಿ ನನ್ನ ಬಳಿಗೆ ಬಂದೆ.

"ಮಹನೀಯರೇ, ಮಹಿಳೆಯರೇ, ಪ್ರತಿದಿನ ಬೆಳಿಗ್ಗೆ ನಾನು ಒಂದು ಸ್ಥಿತಿಯನ್ನು ತಲುಪುತ್ತೇನೆ. ಮೊದಲು ರೆಪ್ಪೆ ಭಾರವಾಗುತ್ತದೆ. ಆಮೇಲೆ ಕೈಕಾಲು ಸಡಿಲವಾಗುತ್ತವೆ. ಶಿರಸ್ಸು ತಾನಾಗಿ ಎದೆಯ ಕಡೆಗೆ ಬಾಗುತ್ತದೆ. ಆಮೇಲೆ ಏನೂ ಇಲ್ಲ. ಶೂನ್ಯ. ಕಣ್ಣು ತೆರೆದಾಗ ಒಂದು ಗಂಟೆ ಕಳೆದಿರುತ್ತದೆ, ದೇಹ ಹೂವಿನಷ್ಟು ಹಗುರವಾಗಿರುತ್ತದೆ. ಈ ಸ್ಥಿತಿಗೆ ಏನೆಂದು ಹೆಸರಿಡೋಣ?"

ಹೆಡ್‌ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ನಾನು ಮತ್ತೊಮ್ಮೆ ಕೇಳಿದೆ: "ಏನೆಂದು ಹೆಸರಿಡೋಣ?"

ಹಿಂದಿನಿಂದ ಹನುಮಕ್ಕ ಬಹಳ ಮೃದುವಾಗಿ ಹೇಳಿದಳು: "ನಿದ್ದೆ ಅಂತಾರೆ ಮೇಷ್ಟ್ರೇ."

ಯಾರೋ ನಕ್ಕರು. ಬಾಷಾ ಸಾಹೇಬರು ಎದ್ದು ತಿರುಗಿ ನಿಂತು ಗದರಿದರು. "ನಗಬ್ಯಾಡಿ. ನಿದ್ದೆ ಇಲ್ದೋರ ಕಷ್ಟ ನಿಮಗೇನು ಗೊತ್ತು? ಮೇಷ್ಟ್ರು ಎಷ್ಟು ತಕ್ಲೀಫು ಪಟ್ಟಿದಾರೆ. ಈಗ ಖುದಾನ ದಯೆಯಿಂದ ವಾಸಿ ಆಗೈತೆ. ಎಂಥ ಗೊರಕೆ ಅಂತೀರಿ. ನಮ್ಮ ತಗಡೆಲ್ಲ ಅದುರ್ತಾವೆ ಅಂತಾಳೆ ನಮ್ಮ ಮನೆಯಾಕೆ." ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಸಂತೋಷದಿಂದ ಕೈಯೆತ್ತಿ ಸಲಾಮು ಮಾಡಿದರು.

ಉಪನ್ಯಾಸ ಅಲ್ಲಿಗೆ ಮುಗಿಯಿತು. ಹೆಡ್‌ಮೇಷ್ಟ್ರು ವಂದನಾರ್ಪಣೆಯನ್ನು ಒಂದೇ ವಾಕ್ಯದಲ್ಲಿ ಮಾಡಿದರು.

ಮನೆಗೆ ಬರುವ ದಾರಿಯಲ್ಲಿ ಗಂಗಮ್ಮ ನನಗಿಂತ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಬಾಗಿಲು ಹಾಕಿದ ಮೇಲೆ ಕೇಳಿದೆ, "ನನಗೆ ನಿದ್ದೆ ಬರುವುದಿಲ್ಲವೆಂದು ಅವರಿಗೆ ಹೇಳಿದವರು ಯಾರು?"

"ನಾನೇ."

"ಯಾಕೆ?"

"ಗಂಡ ಬುದ್ಧ ಆಗ್ತಾವ್ನೆ ಅಂತ ಬೀದೀಲಿ ಹೇಳ್ಕೊಳ್ಳಾಕಾಯ್ತದಾ? ಮಾರನೇ ದಿನಾನೇ ಮಧುಗಿರಿಯಿಂದ ನಮ್ಮಪ್ಪ ಗಾಡಿ ಕಟ್ಕೊಂಡು ಬರ್ತಿದ್ರು." ಮಗಳನ್ನು ತೊಟ್ಟಿಲಿಗೆ ಹಾಕಿ ಹೇಳಿದಳು, "ನನಗೂ ಭಯ ಆಗಿತ್ತು ಕಣ್ರೀ. ಮೊದಲ್ನೇ ವಾರ ದಿನಾ ಬಾಗಿಲ ಸಂದೀಲಿ ನಿಂತು ನೋಡ್ತಿದ್ದೆ. ಗೊರಕೆ ಶುರುವಾದ ಮೇಲೆ ಧೈರ್ಯ ಬಂತು. ಗೊರಕೆ ಹೊಡೆಯೋನು ಎಲ್ಲೂ ಹೋಗಲ್ಲ ಅಂತ."

ಬೈಯಬೇಕೆಂದು ಬಾಯಿ ತೆರೆದೆ. ಅವಳ ಕಣ್ಣಲ್ಲಿ ನೀರಿತ್ತು. ಬಾಯಿ ಮುಚ್ಚಿದೆ. ಎರಡು ತಿಂಗಳ ಸಾಧನೆಯಲ್ಲಿ ನಾನು ನುಂಗಿಕೊಂಡ ಮೊದಲ ಸಿಟ್ಟು ಅದು.

"ಹಾಗಾದರೆ ಸಾಹೇಬರು ಆ ಒಂದು ಗಂಟೆ ಏನು ಮಾಡುತ್ತಿದ್ದರು?"

"ಕೆರೆ ಹತ್ರ ಹುಣಸೆ ಮರದ ಕೆಳಗೆ ಹೋಗಿ ಕೆಲ್ಸ ಮಾಡ್ತಾರೆ. ಕಳ್ಳಂಬೆಳ್ಳದ ಯಾರದೋ ಮದ್ವೆಗೆ ಬಕೆಟ್ಟು, ಕೊಳಗ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟವ್ರೆ. ಬಿಸಿಲೇರಿದ್ರೆ ತಗಡು ಮುಟ್ಟಾಕಾಗಲ್ವಂತೆ."

ಮರುದಿನ ಆರು ಗಂಟೆಗೆ ಕೆರೆಯ ಕಡೆ ಹೋದೆ. ಬಾಷಾ ಸಾಹೇಬರು ಸೊಂಟಕ್ಕೆ ಹೆಂಡತಿಯ ಹಳೆಯ ಸೀರೆಯ ತುಂಡು ಬಿಗಿದುಕೊಂಡು, ತಗಡು ಬಡಿಯುವ ಕಬ್ಬಿಣದ ಅಡಿಗಲ್ಲನ್ನು ಆಗಷ್ಟೇ ತಲೆಯಿಂದ ಇಳಿಸುತ್ತಿದ್ದರು. ಎರಡು ತಿಂಗಳಿಂದ ಅದನ್ನು ದಿನವೂ ಹೊತ್ತು ತಂದು ಹೊತ್ತು ಒಯ್ದಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಯಾಕೆ ಮೇಷ್ಟ್ರೇ, ಇವತ್ತು ನಿದ್ದೆ ಬರ್ಲಿಲ್ವಾ?"

ಎಲ್ಲವನ್ನೂ ಹೇಳಿದೆ. ಬಸ್ಸು, ಭಿಕ್ಷು, ಉಸಿರು, ಸಿಟ್ಟು. ಗಮನವಿಟ್ಟು ಕೇಳಿದರು.

"ಅಂದ್ರೆ ನಿಮಗೆ ನಿದ್ದೆ ಬರ್ಬಾರ್ದಾಗಿತ್ತು?"

"ಬರಬಾರದಾಗಿತ್ತು."

"ನಾನು ಸುತ್ತಿಗೆ ನಿಲ್ಲಿಸಿದ್ಕೆ ಬಂತು?"

"ಹೌದು."

ತಲೆ ಕೆರೆದುಕೊಂಡರು. "ನಮ್ಮ ಅಬ್ಬಾಗೆ ಕೊನೇ ವರ್ಷ ನಿದ್ದೆನೇ ಇರ್ಲಿಲ್ಲ. ಕಣ್ಣು ಕೆಂಡ ಆಗ್ಬುಟ್ಟಿದ್ವು. ನಿಮಗೂ ಅಂಗೇ ಅಂದ್ಕೊಂಡೆ. ಹೋಗ್ಲಿ ಬುಡಿ, ನೀವು ಆರಾಮಾಗಿದ್ರೆ ಸಾಕು."

ಕ್ಷಮೆ ಕೇಳಲು ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅವನ್ನೆಲ್ಲ ಬಿಟ್ಟು, ಅಡಿಗಲ್ಲನ್ನು ಮನೆಗೆ ವಾಪಸು ನಾನೇ ಹೊರುತ್ತೇನೆ ಎಂದೆ. ಅವರು ಬೇಡವೆಂದರೂ ತಲೆಯ ಮೇಲೆ ಇಟ್ಟುಕೊಂಡೆ. ಐವತ್ತು ಹೆಜ್ಜೆಗೆ ಕತ್ತು ಎದೆಯೊಳಗೆ ಇಳಿಯಿತು. ಮೂರು ಕಡೆ ಇಳಿಸಿ ಸುಧಾರಿಸಿಕೊಂಡೆ. ನಾಲ್ಕನೆಯ ಕಡೆ ಸಾಹೇಬರೇ ಕಸಿದುಕೊಂಡು ಹೊತ್ತರು. ಅವರ ಸುತ್ತಿಗೆ ಹಿಡಿದುಕೊಂಡು ನಾನು ಹಿಂದೆ ನಡೆದೆ. ದಾರಿಯಲ್ಲಿ ಆಡುತ್ತಿದ್ದ ನನ್ನ ಮೂರನೆಯ ಕ್ಲಾಸಿನ ಮಕ್ಕಳೆಲ್ಲ ಸಾಲಾಗಿ ನಿಂತು ಕೈ ಮುಗಿದರು.

ಧ್ಯಾನ ಬಿಡಲಿಲ್ಲ. ಬಿಟ್ಟರೆ ಬೀದಿಯಲ್ಲಿ ಮುಖ ಎತ್ತುವಂತಿರಲಿಲ್ಲ. ಮಾರನೆಯ ದಿನ ದಿಂಬನ್ನು ತೆಗೆದುಹಾಕಿ, ಗೋಡೆಯಿಂದ ದೂರಕ್ಕೆ, ಪಡಸಾಲೆಯ ನಟ್ಟನಡುವೆ ಕುಳಿತೆ. ಸುತ್ತಿಗೆ ಶುರುವಾಯಿತು. ಹನುಮಕ್ಕ ಎರಡು ತಿಂಗಳು ಹಿಡಿದಿಟ್ಟಿದ್ದ ಹಾಡನ್ನೆಲ್ಲ ಬಿಟ್ಟಳು. ಅವಳ ಹುಂಜವೂ ಬಾಕಿ ತೀರಿಸಿತು. ನಿದ್ದೆಯ ಸುಳಿವಿಲ್ಲ. ಧ್ಯಾನವೆಂದರೆ ಏನೆಂದು ಆಗ ತಿಳಿಯಿತು. ಮೂಗು ನವೆಯಾಗುತ್ತದೆ, ಮಂಡಿ ನೋಯುತ್ತದೆ, ಕಂಡಕ್ಟರನಿಗೆ ಹೇಳದೆ ಬಿಟ್ಟಿದ್ದ ಮಾತುಗಳು ಒಂದೊಂದಾಗಿ ನೆನಪಿಗೆ ಬರುತ್ತವೆ. ಒಂಬತ್ತು ಉಸಿರು ಎಣಿಸಿದೆ. ಹತ್ತನೆಯದು ತಪ್ಪಿತು. ಮತ್ತೆ ಒಂದರಿಂದ ಎಣಿಸಿದೆ. ಏಳು ಗಂಟೆಯವರೆಗೂ ಹತ್ತು ದಾಟಲಿಲ್ಲ, ಆದರೆ ಏಳು ಗಂಟೆಯವರೆಗೂ ಏಳಲಿಲ್ಲ.

ಕೊನೆಗೆ ಎದ್ದೆ. ಎರಡು ಕಾಲೂ ಜೋಮು ಹಿಡಿದಿದ್ದವು. ಮರದ ಕೊರಡಿನಂತೆ ನೆಲಕ್ಕೆ ಬಿದ್ದೆ.

ಅಡುಗೆಮನೆಯಿಂದ ಗಂಗಮ್ಮನ ದನಿ ಬಂತು. "ಏನದು? ಬಿದ್ರಾ?"

"ಬಿದ್ದೆ."

"ಓ, ಎಚ್ಚರ ಇದೀರಾ ಅಂಗಾದ್ರೆ" ಎಂದು ಅವಳು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.