ಮಾಮ ತಂದ ಎರಡು ಇಂಚು

ಲೋಕದಲ್ಲಿ ಎಲ್ಲರೂ ಹದಿನೆಂಟಕ್ಕೋ ಇಪ್ಪತ್ತಕ್ಕೋ ಬೆಳೆದು ಮುಗಿಸುತ್ತಾರೆ. ನಮ್ಮ ಮಾಮ ಬೆಳೆಯಲು ಶುರು ಮಾಡಿದ್ದೇ ಮೂವತ್ತೊಂಬತ್ತಕ್ಕೆ! ಅದೂ ಹೇಗೆ? ದಿನಕ್ಕೆ ಒಂದು ಮಿಲಿಮೀಟರ್, ಸ್ಪ್ಯಾನರ್ ಹಾಕಿ ತಿರುಗಿಸಿ! ನೀವು ನಗುತ್ತೀರೆಂದು ಗೊತ್ತು. ಎಂಬತ್ತರ ದಶಕದ ಕೊನೆಯಲ್ಲಿ ಕಾಪುವಿನ ನಮ್ಮ ಓಣಿಯಿಡೀ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಮಾಮ ಎಂದರೆ ನನ್ನ ಅಮ್ಮನ ತಮ್ಮ. ಗಲ್ಫಿನಲ್ಲಿ ಒಂದು ಇಟಲಿ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಎತ್ತರ ಐದು ಅಡಿ ಒಂದು ಇಂಚು. ಮಾಮಿ ಐದು ಅಡಿ ನಾಲ್ಕು ಇಂಚು, ಕಾರ್ಕಳದವರು. ಊರಿನ ಬಂಡೆಯ ಮೇಲೆ ನಲವತ್ತೆರಡು ಅಡಿಯ ಗೊಮ್ಮಟ ನಿಂತಿರುವಾಗ ಅಲ್ಲಿ ಹುಟ್ಟಿದವರಿಗೆ ಕುಳ್ಳಗಿರಲು ಮನಸ್ಸಾದರೂ ಹೇಗೆ ಬಂದೀತು? ಮದುವೆಯ ಫೋಟೋದಲ್ಲಿ ಮಾಮ ಮಣೆಯ ಮೇಲೆ ನಿಂತಿದ್ದಾರೆ. ಫೋಟೋಗ್ರಾಫರ್ ಮಾಮಿಯ ಸೀರೆಯ ನೆರಿಗೆಯನ್ನು ಮಣೆಗೆ ಅಡ್ಡವಾಗಿ ಹರಡಿದ್ದ. ಆದರೂ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಮನೆಗೆ ಬಂದವರು ವಧುವನ್ನು ನೋಡದಿದ್ದರೂ ಆ ಮೂಲೆಯನ್ನು ನೋಡದೆ ಹೋಗುತ್ತಿರಲಿಲ್ಲ.

ಮಾಮಿ ಶಾಲೆಯಲ್ಲಿ ಟೀಚರ್. ತರಗತಿಯಲ್ಲಿ ಧ್ವಜದ ಕಂಬದ ಹಾಗೆ ನೆಟ್ಟಗೆ ನಿಲ್ಲುವವರು ಮಾಮ ರಜೆಯಲ್ಲಿ ಬಂದಾಗ ಮಾತ್ರ ಸ್ವಲ್ಪ ಬಾಗುತ್ತಿದ್ದರು. ಆ ದಿನಗಳಲ್ಲಿ ಅವರ ಬೆನ್ನುನೋವಿಗೆ ಅಜ್ಜಿ ಸಂಜೆ ಹೊತ್ತು ಎಣ್ಣೆ ತಿಕ್ಕುವುದು ನಮ್ಮಲ್ಲಿ ದೀಪ ಹಚ್ಚುವಷ್ಟೇ ಮಾಮೂಲು. ನಾನು ಆಗ ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. ಇದನ್ನೆಲ್ಲ ಕಣ್ಣಾರೆ ನೋಡುತ್ತಿದ್ದೆ. ನೋಡಿದ್ದು ತಲೆಗೆ ಹೋಗಬೇಕಲ್ಲ?

ಆ ವರ್ಷ ಮಾಮ, "ಕಂಪೆನಿಯವರು ಟ್ರೈನಿಂಗಿಗೆ ಇಟಲಿಗೆ ಕಳಿಸ್ತಾರೆ" ಎಂದು ಕಾಗದ ಬರೆದರು. ಜನವರಿಯಲ್ಲಿ ಅಂಗಳಕ್ಕೆ ಟ್ಯಾಕ್ಸಿ ಬಂತು. ಮಾಮನನ್ನು ಇಬ್ಬರು ಹಿಡಿದು ಇಳಿಸಿದರು. ಎರಡೂ ಮೊಣಕಾಲಿನ ಕೆಳಗೆ ಕಬ್ಬಿಣದ ಉಂಗುರಗಳು, ಉಂಗುರಗಳಿಂದ ಎಲುಬಿನೊಳಗೆ ಹೋದ ತಂತಿಗಳು, ಸುತ್ತ ಸರಳು, ನಟ್ಟು, ಬೋಲ್ಟು! ಆಗಷ್ಟೇ ಊರಿಗೆ ಟಿ.ವಿ. ಬಂದ ಕಾಲ. ಪಕ್ಕದ ಮನೆಯವರು ಕೇಳಿದರು: "ಎಂತ ಮಾರಾಯ್ರೇ, ಆಂಟೆನಾ ಕಾಲಿಗೆ ಯಾಕೆ ಕಟ್ಟಿದ್ದು?"

ಬೊಂಬಾಯಿಯ ಕಸ್ಟಮ್ಸಿನವರು ಮಾಮನನ್ನು ನಾಲ್ಕು ಗಂಟೆ ಕೂರಿಸಿದ್ದರಂತೆ. ಗಲ್ಫಿನವನ ಕಾಲಿನೊಳಗೆ ಲೋಹ ಉಂಟು ಎಂದರೆ ಅದು ಚಿನ್ನವಲ್ಲದೆ ಮತ್ತೆಂತ? "ಎತ್ತರ ಆಗಲಿಕ್ಕೆ ಎಲುಬು ಕತ್ತರಿಸಿ ಹಾಕಿಸಿಕೊಂಡದ್ದು" ಎಂದು ಮಾಮ ಸತ್ಯ ಹೇಳಿದರು. ಅಧಿಕಾರಿ ಎಕ್ಸ್‌ರೇ ನೋಡಿ ನಿಟ್ಟುಸಿರಿಟ್ಟರಂತೆ: "ಚಿನ್ನ ಅಂದಿದ್ದರೆ ನಂಬುತ್ತಿದ್ದೆ. ಇದನ್ನು ಹೇಗೆ ನಂಬಲಿ?"

ಗಲ್ಫಿನಿಂದ ಬಂದವರ ಮನೆಗೆ ನೆಂಟರು ಬರುವುದು ಸೆಂಟಿಗೆ, ಟೂ ಇನ್ ವನ್ ಟೇಪ್‌ರೆಕಾರ್ಡರಿಗೆ. ಬಂದವರೆಲ್ಲ ಕೇಳಿದರು: "ಈ ಸಲ ಎಂತ ತಂದ್ರಿ?"

"ಎರಡು ಇಂಚು" ಎಂದರು ಮಾಮ. "ಹಂಚಲಿಕ್ಕೆ ಬರುವುದಿಲ್ಲ."

ಎಲ್ಲರೂ ನಕ್ಕರು, ಒಬ್ಬರನ್ನು ಬಿಟ್ಟು. ಗಂಡ ತನಗೊಂದು ಮಾತು ಹೇಳದೆ ಪರದೇಶದಲ್ಲಿ ಎರಡೂ ಕಾಲು ಕತ್ತರಿಸಿಕೊಂಡದ್ದನ್ನು ಕೇಳಿದ ಕ್ಷಣದಿಂದ ಮಾಮಿ ಮಾತು ಬಿಟ್ಟರು. ಮುನಿಸು ಎಂದರೆ ಎರಡು ದಿನದ್ದೆಂದು ಎಣಿಸಿದ್ದೆವು. ಅದು ಕಾಲಿಗಿಂತ ಉದ್ದ ಬೆಳೆಯಿತು!

ಆದರೆ ನಟ್ಟು ತಿರುಗಿಸುವ ಕೆಲಸ ನಿಲ್ಲಿಸುವಂತಿಲ್ಲವಲ್ಲ? ದಿನಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಕಾಲು ಸುತ್ತು. ಕತ್ತರಿಸಿದ ಎಲುಬು ಅಷ್ಟಷ್ಟೇ ದೂರ ಸರಿದು, ನಡುವೆ ಹೊಸ ಎಲುಬು ಹುಟ್ಟಬೇಕು. ಇಟಲಿಯವರೆಗೆ ಹೋದ ಧೈರ್ಯವಂತನಿಗೆ ಸ್ಪ್ಯಾನರ್ ಕಂಡರೆ ತಲೆ ಸುತ್ತು! ಹಾಗಾಗಿ ಎಡಗಾಲು ಮಾಮಿಯ ಪಾಲಿಗೆ, ಬಲಗಾಲು ಅಜ್ಜಿಯ ಪಾಲಿಗೆ ಬಂತು. ಮಾಮಿ ಗೋಡೆಯಲ್ಲಿ ಚಾರ್ಟು ಅಂಟಿಸಿ, ತಿರುಗಿಸಿದಾಗಲೆಲ್ಲ ಟಿಕ್ ಹಾಕುತ್ತಿದ್ದರು. ಮಾತು ಮಾತ್ರ ಅಜ್ಜಿಯ ಮೂಲಕ. "ಅಮ್ಮಾ, ನಿಮ್ಮ ಮಗನಿಗೆ ಕಾಲು ಚಾಚಲಿಕ್ಕೆ ಹೇಳಿ."

ಮಾಮ ಚಾಚುತ್ತಿದ್ದರು. "ಅಮ್ಮಾ, ನೋವಾಗ್ತದೆ ಅಂತ ನಿಮ್ಮ ಸೊಸೆಗೆ ಹೇಳಿ."

"ಕೇಳಿ ಮಾಡಿಸಿಕೊಂಡದ್ದಲ್ವಾ ಅಂತ ಹೇಳಿ."

ನಡುವೆ ಅಜ್ಜಿ ಮಂಗರಬಳ್ಳಿಯ ಚಟ್ನಿ ಅರೆಯುತ್ತ, "ನನ್ನನ್ನು ಎಂತ ಟೆಲಿಫೋನ್ ಮಾಡಿದ್ದೀರಾ? ಆ ಕೆಲಸಕ್ಕೆ ಇವಳಿದ್ದಾಳೆ" ಎಂದು ನನ್ನತ್ತ ಕೈ ತೋರಿಸುತ್ತಿದ್ದರು. ಎಲುಬು ಕೂಡಲಿಕ್ಕೆ ಮಂಗರಬಳ್ಳಿಯಂಥದ್ದು ಬೇರೆ ಇಲ್ಲ ಎನ್ನುತ್ತಾರೆ. ಮೂರು ವಾರ ಬೆಳಿಗ್ಗೆ ಸಂಜೆ ಅದನ್ನೇ ತಿಂದ ಮೇಲೆ ನನ್ನ ಎಲುಬುಗಳ ಬಗ್ಗೆಯೂ ನನಗೆ ಭಯವಾಗಿತ್ತು.

ಅಷ್ಟರಲ್ಲಿ ಫೆಬ್ರವರಿ ಬಂತು, ಕೆಡ್ಡಸ ಬಂತು. ತುಳುವರಿಗೆ ಅದು ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆಗ ನೆಲ ಅಗೆಯುವಂತಿಲ್ಲ, ಹಾರೆ ಪಿಕ್ಕಾಸಿ ಮುಟ್ಟುವಂತಿಲ್ಲ. ಅಜ್ಜಿ ಸ್ಪ್ಯಾನರನ್ನು ಪಿಕ್ಕಾಸಿಯ ಜೊತೆ ಮೂಲೆಗಿಟ್ಟರು. "ದೇಹವೂ ಮಣ್ಣೇ ಅಲ್ವಾ? ಅದಕ್ಕೆ ಕಬ್ಬಿಣ ತಾಗಿಸಬಾರದು."

ಮಾಮಿ ಡಾಕ್ಟರ ಚಾರ್ಟಿನವರು, ಎಡಗಾಲನ್ನು ನಿಲ್ಲಿಸಲಿಲ್ಲ. ಮೂರು ದಿನ ಎಡಗಾಲು ಬೆಳೆಯಿತು, ಬಲಗಾಲು ಹಬ್ಬ ಮಾಡಿತು! ನಾಲ್ಕನೆಯ ದಿನ ಅಜ್ಜಿ ಶಾಸ್ತ್ರಪ್ರಕಾರ ಭೂಮಿಗೆ ಎಣ್ಣೆ ಬಿಟ್ಟು, ಉಳಿದದ್ದನ್ನು ಮಗನ ನಟ್ಟುಗಳಿಗೂ ಬಿಟ್ಟರು.

ಮುಂದಿನ ವಾರ ಮಣಿಪಾಲದಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು: "ಬಲಗಾಲು ಮೂರು ಮಿಲಿಮೀಟರ್ ಕಮ್ಮಿ ಉಂಟಲ್ಲ, ಯಾಕೆ?"

"ಕೆಡ್ಡಸ ಅಲ್ವಾ ಡಾಕ್ಟ್ರೇ" ಎಂದರು ಅಜ್ಜಿ, ಇಷ್ಟೂ ಗೊತ್ತಿಲ್ಲವಾ ಎಂಬ ದನಿಯಲ್ಲಿ.

ಡಾಕ್ಟರು ಹೆಬ್ರಿ ಕಡೆಯವರು. ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು. "ನಮ್ಮ ಅಮ್ಮನೂ ಆ ಮೂರು ದಿನ ಹಾರೆ ಮುಟ್ಟಲಿಕ್ಕೆ ಬಿಡುವುದಿಲ್ಲ" ಎನ್ನುತ್ತ ಚೀಟಿಯಲ್ಲಿ ಬರೆದುಕೊಟ್ಟರು: ಎಡಗಾಲಿಗೆ ಮೂರು ದಿನ ರಜೆ. ಈ ಕಥೆಯನ್ನು ನಾನು ಎಕ್ಸ್‌ಚೇಂಜಿನಲ್ಲಿ ಹೇಳಿ, ಅಂದು ಎಷ್ಟು ರಾಂಗ್ ನಂಬರ್ ಕೊಟ್ಟೆನೋ ದೇವರಿಗೇ ಗೊತ್ತು.

ಎರಡು ಇಂಚು ತುಂಬಿದ ಮೇಲೆ ಹೊಸದೊಂದು ರಗಳೆ ಎದ್ದಿತು. ಪಾಸ್‌ಪೋರ್ಟಿನಲ್ಲಿ ಎತ್ತರ ಐದು ಅಡಿ ಒಂದು ಇಂಚು ಎಂದೇ ಇದೆಯಲ್ಲ! ಉಡುಪಿಯಿಂದ ಟ್ರಾವೆಲ್ ಏಜೆಂಟ್ ಮನೆಗೇ ಬಂದು, ಚಾ ಕುಡಿದು, ಉಪಾಯ ಹೇಳಿದ. "ಅದಕ್ಕೆಲ್ಲ ತಲೆಬಿಸಿ ಎಂತಕ್ಕೆ? ಏರ್‌ಪೋರ್ಟಿನಲ್ಲಿ ಎರಡು ಇಂಚು ಬಗ್ಗಿ ನಿಂತರೆ ಆಯ್ತು."

ಎಲ್ಲ ತಮಾಷೆಗೂ ನಗುತ್ತಿದ್ದ ಮಾಮ ಅಂದು ಮಾತ್ರ ಕೆಂಡವಾದರು. "ಬಗ್ಗಿ ನಿಲ್ಲುವುದು ಅಂದರೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತುಂಟಾ? ಒಂದು ದಿನ ನಿಂತು ನೋಡಿ!" ಏಜೆಂಟ್ ಚಾ ಅರ್ಧಕ್ಕೇ ಬಿಟ್ಟು ಎದ್ದ. ಕಾಲಿನ ನೋವು ತಲೆಗೇರಿದೆ ಎಂದು ನಾನು ಎಣಿಸಿದೆ. ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದ ಮಾಮಿ ಒಮ್ಮೆ ತಲೆಯೆತ್ತಿ ನೋಡಿದರು.

ಕೃಷ್ಣಾಷ್ಟಮಿ ಕಳೆದ ಮೇಲೆ ಮಣಿಪಾಲದಲ್ಲಿ ಉಂಗುರಗಳನ್ನು ಬಿಚ್ಚಿದರು. ಊರುಗೋಲು ಹೋಗಿ ಒಂಟಿ ಕೋಲು ಬಂತು. ದೀಪಾವಳಿಯ ಹೊತ್ತಿಗೆ ಡಾಕ್ಟರು, "ಇನ್ನು ರಸ್ತೆಯಲ್ಲಿ ನಡೆಯಿರಿ, ಜೊತೆಗೆ ಯಾರಾದರೂ ಇರಲಿ" ಎಂದರು. ಅಜ್ಜಿ ಸೊಸೆಯ ಮುಖ ನೋಡಿದರು. ಮಾಮಿ ಚಪ್ಪಲಿ ಮೆಟ್ಟಿ ಹೊರಟರು, ಮಾತಿಲ್ಲದೆ. ಬಿದ್ದರೆ ಎತ್ತಲಿಕ್ಕೆಂದು ಹಿಂದೆ ನಾನು. ಸುಳ್ಳೇಕೆ, ಬಿದ್ದರೆ ನಾಳೆ ಆಫೀಸಿಗೊಂದು ಕಥೆಯಾಯಿತೆಂಬ ಆಸೆಯೂ ಇತ್ತು.

ನಮ್ಮ ಮನೆಯಿಂದ ಕಡಲಿಗೆ ಹೋಗುವ ರಸ್ತೆಗೆ ನಡುವೆ ಮಾತ್ರ ಡಾಮರು. ಎರಡೂ ಬದಿಗೆ ಅರ್ಧ ಗೇಣು ತಗ್ಗಿನಲ್ಲಿ ಮರಳು, ನಮ್ಮ ಮಾತಿನಲ್ಲಿ ಹೊಯಿಗೆ. ಗೇಟು ದಾಟಿದ್ದೇ ಮಾಮಿ ಡಾಮರಿನಿಂದ ಇಳಿದು ಹೊಯಿಗೆಯಲ್ಲಿ ನಡೆಯತೊಡಗಿದರು. ಕಾಲು ಹೂತುಹೋಗುತ್ತಿದ್ದರೂ ಅಲ್ಲೇ. ಆಗ ನೆನಪಾಯಿತು, ಮಾಮನ ಜೊತೆ ಹೋಗುವಾಗಲೆಲ್ಲ ಅವರು ನಡೆಯುತ್ತಿದ್ದದ್ದು ಆ ತಗ್ಗಿನಲ್ಲೇ.

ಮಾಮ ಕೋಲೂರಿ ನಿಂತರು.

"ಮೇಲೆ ಬಾ."

ಮಾಮಿ ಕೇಳದವರ ಹಾಗೆ ಹೊಯಿಗೆಯಲ್ಲೇ ಇನ್ನೊಂದು ಹೆಜ್ಜೆ ಇಟ್ಟರು.

"ಹದಿಮೂರು ವರ್ಷ ಆಯ್ತು, ನನಗೋಸ್ಕರ ಹೊಯಿಗೆಯಲ್ಲಿ ನಡೀತಿ. ಫೋಟೋ ತೆಗೆಯುವಾಗ ಬಗ್ತಿ, ಮದುವೆ ಮನೆಯಲ್ಲಿ ಬಗ್ತಿ. ಸಂಜೆ ಅಮ್ಮ ನಿನ್ನ ಬೆನ್ನಿಗೆ ಎಣ್ಣೆ ಹಾಕ್ತಾರೆ. ನನಗೆ ಕಣ್ಣಿಲ್ಲ ಅಂತ ಮಾಡಿದ್ದಿಯಾ? ನನ್ನ ಶೋಕಿಗೆ ಕಾಲು ಕತ್ತರಿಸಿಕೊಂಡದ್ದಾ ನಾನು?"

ಹತ್ತು ತಿಂಗಳ ಮೇಲೆ ಮಾಮಿ ಗಂಡನೊಡನೆ ನೇರವಾಗಿ ಮಾತಾಡಿದರು: "ಹೇಳಿದ್ದರೆ ಬಿಡ್ತಿರಲಿಲ್ಲ."

"ಅದಕ್ಕೇ ಹೇಳಲಿಲ್ಲ."

ಮಾಮ ಕೋಲನ್ನು ಎಡಗೈಗೆ ತೆಗೆದುಕೊಂಡು ಬಲಗೈ ಚಾಚಿದರು. ಮಾಮಿ ಡಾಮರಿಗೆ ಹತ್ತಿ ಬಂದು ಪಕ್ಕದಲ್ಲಿ ನಿಂತು, ಮದುವೆಯಾದ ಮೇಲೆ ಮೊದಲ ಸಲ ಗಂಡನ ಜೊತೆ ಬೆನ್ನು ನೆಟ್ಟಗೆ ಮಾಡಿದರು. ತಲೆಯಿಂದ ತಲೆಗೆ ಕೈ ಹಿಡಿದು ಅಳೆದರು, ಟೀಚರಲ್ಲವೇ! ಅಳುತ್ತಲೇ ನಕ್ಕರು. "ಇನ್ನೂ ಒಂದು ಇಂಚು ಕಮ್ಮಿ ಉಂಟಲ್ಲ?"

"ಇರಲಿ ಮಾರಾಯ್ತಿ" ಎಂದರು ಮಾಮ. "ಅದು ನಿನ್ನದು."

ನಾನು ಹಿಂದೆಯೇ ನಿಂತುಬಿಟ್ಟೆ. ಮರುದಿನ ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಸುತ್ತ ಸೇರಿ, "ಮಾಮ ಬಿದ್ದರಾ?" ಎಂದು ಕೇಳಿದರು. "ಇಲ್ಲ" ಎಂದಷ್ಟೇ ಹೇಳಿ ಹೆಡ್‌ಫೋನ್ ಹಾಕಿಕೊಂಡೆ, ಅಂದು ಒಂದೂ ರಾಂಗ್ ನಂಬರ್ ಕೊಡಲಿಲ್ಲ.