ಬೆಳಕಿಗಿಂತ ಮುಂದೆ ಹೋಗಬೇಕಿದ್ದ ವರ

ಬೀಡಿ, ಇಸ್ಪೀಟು, ಕುಡಿತ ಇವುಗಳಲ್ಲಿ ಒಂದಾದರೂ ಚಟ ಇದ್ದಿದ್ದರೆ ತಿಳವಳ್ಳಿಯ ಉಳಿವೆಪ್ಪ ಆ ದಿನ ಪಾರಾಗಿಬಿಡುತ್ತಿದ್ದ. ಪಾಪ, ಹುಡುಗನಿಗೆ ಇದ್ದದ್ದು ಓದುವ ಚಟ ಒಂದೇ. ಅದೂ ಎಂಥ ಓದು! ಮ್ಯಾಟ್ರಿಕ್ ಪಾಸಾದವನು ತೆಪ್ಪಗೆ ಹೊಲ ನೋಡಿಕೊಂಡಿರಬಾರದೇ? ಹಾನಗಲ್ಲಿನ ವಾಚನಾಲಯದಲ್ಲಿ ಕೂತು ಪರಮಾಣು ಒಡೆದ ಸುದ್ದಿ, ಬೆಳಕಿನ ಓಟದ ಲೆಕ್ಕ ಎಲ್ಲ ಓದಿ, ಧಾರವಾಡದ ಕಾಲೇಜಿಗೆ ಹೋಗಿ ವಿಜ್ಞಾನವನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದ.

ಅವನ ತಾಯಿ ಹೊನ್ನವ್ವ ಗಂಡ ತೀರಿಕೊಂಡ ಮೇಲೆ ಹೊಲಮನೆ ಒಬ್ಬಳೇ ನಡೆಸಿದ ಗಟ್ಟಿಗಿತ್ತಿ. ಮಗನಿಗೆ ಒಂದೇ ಮಾತು ಹೇಳಿದ್ದಳು.

"ಹಿರೇಬೆಂಡಿಗೇರಿಯವರು ಇವತ್ತ ನಿನ್ನ ನೋಡಾಕ ಬರಾಕತ್ತಾರ. ಅವರು ಒಲ್ಲೆ ಅಂದ್ರ ನೀ ಧಾರವಾಡಕ್ಕ ಹೋಗು, ನಾ ಅಡ್ಡ ಬರಂಗಿಲ್ಲ. ಹೂಂ ಅಂದು ನಿನ್ನ ಬಾಯಾಗ ಸಕ್ಕರಿ ಹಾಕಿದ್ರಂದ್ರ ಪುಸ್ತಕ ಅಟ್ಟಕ್ಕ, ನೀ ಹೊಲಕ್ಕ."

ವರನ ಬಾಯಿಗೆ ಸಕ್ಕರೆ ಬಿತ್ತೆಂದರೆ ಮಾತು ಮುಗಿದ ಹಾಗೆ. ಆಮೇಲೆ ಯಾರಪ್ಪ ಬಂದರೂ ತಿರುಗಿಸುವಂತಿಲ್ಲ. ಯುದ್ಧ ಮುಗಿದ ಮರುವರ್ಷ ಅದು. ಸಕ್ಕರೆ ಇನ್ನೂ ರೇಷನ್ನಿನಲ್ಲೇ ಸಿಗುತ್ತಿತ್ತು. ಈ ಒಂದು ಗಳಿಗೆಗಾಗಿ ಹೊನ್ನವ್ವ ತಿಂಗಳುಗಟ್ಟಲೆ ಬೆಲ್ಲದ ಚಹಾ ಕುಡಿದು ಸಕ್ಕರೆ ಕೂಡಿಟ್ಟಿದ್ದಳು.

ಇನ್ನೊಂದು ಪದ್ಧತಿಯೂ ಇತ್ತು. ಹೆಣ್ಣಿನ ಕಡೆಯವರು ನೇರ ವರನ ಮನೆಗೆ ಬರುವುದಿಲ್ಲ. ಮೊದಲು ಎದುರು ಮನೆಯಲ್ಲೋ ಅಂಗಡಿಯಲ್ಲೋ ಕೂತು ನೀರು ಕುಡಿಯುವ ನೆವದಲ್ಲಿ ಹುಡುಗನ ಗುಣ ಅವಗುಣ ಕೆದಕಿ ತೆಗೆಯುತ್ತಾರೆ. ಉಳಿವೆಪ್ಪನ ಮನೆ ಎದುರಿಗಿದ್ದದ್ದು ಅಲ್ಲಾಭಕ್ಷನ ಹೊಲಿಗೆ ಅಂಗಡಿ. ಹುಡುಗ ಬೆಳಿಗ್ಗೆ ಎದ್ದವನೇ ಅಲ್ಲಿಗೆ ಓಡಿದ.

"ಚಾಚಾ, ಬೀಗರು ಕೇಳಿದ್ರ ನನ್ನ ಬಗ್ಗೆ ಏನರ ಕೆಟ್ಟದ್ದು ಹೇಳ್ರಿ."

"ಕುಡಿತಾನ ಅನ್ಲೇನು?"

"ಛೇ, ಬ್ಯಾಡ್ರಿ! ಅವ್ವ ಬಾವಿ ಬೀಳ್ತಾಳ."

"ಕಳವು ಮಾಡ್ತಾನ ಅಂದ್ರ?"

"ಮರ್ಯಾದಿ ಹೋಗಬಾರದು, ಸಂಬಂಧ ಅಷ್ಟ ಹೋಗಬೇಕು."

ಅಲ್ಲಾಭಕ್ಷ ಮಷಿನ್ ನಿಲ್ಲಿಸಿ ಗಡ್ಡ ಕೆರೆದುಕೊಂಡ. ಉಳಿವೆಪ್ಪನಿಗೆ ತಟ್ಟನೆ ಹೊಳೆಯಿತು.

"ನಾ ನಕ್ಷತ್ರಕ್ಕ ಹೋಗಾಂವ ಅದೇನಿ ಅಂತ ಹೇಳ್ರಿ. ಪರಮಾಣು ಒಡದ್ರ ಭಾರಿ ಶಕ್ತಿ ಬರ್ತತಿ. ಅದನ್ನೂ ಒಡದು ಇನ್ನೂ ಸಣ್ಣದು ಒಡದ್ರ, ಬೆಳಕಿಗಿಂತ ಜೋರ ಓಡೂ ಗಾಡಿ ಮಾಡಬಹುದು. ಅದರಾಗ ಹತ್ತಿ ಹೋಕ್ಕಾನ ಅನ್ರಿ."

"ಖರೇನ ಆಗೂ ಮಾತೇನೋ ಇದು?"

"ಆಗಂಗಿಲ್ಲ ಅಂತ ದೊಡ್ಡ ದೊಡ್ಡವರು ಬರದಾರ್ರಿ. ಆದ್ರ ಪರಮಾಣು ಒಡಿಯಾಕ ಬರಂಗಿಲ್ಲ ಅಂತನೂ ಬರದಿದ್ರಲ್ಲ!"

ಈ ಮಾತು ಅವನು ಬರೀ ತಪ್ಪಿಸಿಕೊಳ್ಳಲು ಆಡಿದ್ದಲ್ಲ. ಆ ಆಸೆ ಅವನ ಹೊಟ್ಟೆಯೊಳಗೆ ನಿಜವಾಗಿಯೂ ಇತ್ತು.

ಮಧ್ಯಾಹ್ನಕ್ಕೆ ಬೀಗರ ಸವಾರಿ ಬಂತು. ಹೆಣ್ಣಿನ ತಂದೆ ಮಹಾಲಿಂಗಪ್ಪ, ಅವನ ತಾಯಿ ಮಹಾದೇವಕ್ಕ. ಇಬ್ಬರೂ ಪದ್ಧತಿಯಂತೆ ಅಲ್ಲಾಭಕ್ಷನ ಅಂಗಡಿಯಲ್ಲಿ ಕೂತು ನೀರು ಕೇಳಿದರು. ಉಳಿವೆಪ್ಪ ತನ್ನ ಮನೆಯ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟ.

"ಹುಡುಗಾ ಬಂಗಾರ ಐತ್ರಿ," ಅಲ್ಲಾಭಕ್ಷ ಶುರು ಮಾಡಿದ. "ಆದ್ರ ಊರಾಗ ಉಳಿಯೂ ಗಿರಾಕಿ ಅಲ್ಲ. ನಕ್ಷತ್ರಕ್ಕ ಹೊಂಟಾನ."

"ಎಲ್ಲಿಗಿ? ಹುಬ್ಬಳ್ಳಿ ಕಡೇನು?" ಮಹಾಲಿಂಗಪ್ಪ ಕೇಳಿದ.

ಅಲ್ಲಾಭಕ್ಷ ಕತ್ತರಿಯನ್ನು ಆಕಾಶದ ಕಡೆ ಎತ್ತಿ ತೋರಿಸಿದ. ಮಹಾಲಿಂಗಪ್ಪನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಯಿತು. ಉಳಿವೆಪ್ಪನಿಗೆ ಅರ್ಧ ಜೀವ ಬಂದಂತಾಯಿತು.

ಆದರೂ ಅಷ್ಟು ದೂರದಿಂದ ಬಂದವರು, ಹುಡುಗನನ್ನು ಒಂದು ಮಾತು ಕೇಳಿಯೇ ಹೋಗೋಣವೆಂದು ಮನೆಯೊಳಗೆ ಬಂದರು. ಹೊನ್ನವ್ವ ಕಂಬಳಿ ಹಾಸಿ, ಉಪ್ಪಿಟ್ಟು ಕೊಟ್ಟು, ಸಕ್ಕರೆಯ ತಾಟು ನಡುವೆ ಇಟ್ಟಳು. ಅಲ್ಲಾಭಕ್ಷ ಹೊಸ್ತಿಲ ಬಳಿ ಬಂದು ನಿಂತ.

"ತಮ್ಮಾ, ಇವರು ಹೇಳೂದು ಖರೇ ಏನು?" ಮಹಾಲಿಂಗಪ್ಪ ಕೇಳಿದ.

"ಹೌದ್ರಿ."

"ಮತ್ತ ನನ್ನ ಮಗಳು?"

"ಅದ ನೋಡ್ರಿ ತ್ರಾಸು," ಉಳಿವೆಪ್ಪ ಆದಷ್ಟು ದುಃಖದ ಮುಖ ಮಾಡಿದ. "ಬೆಳಕಿನ ಸಮಸಮ ಓಡಾಂವಗ ಹೊತ್ತು ಸಾವಕಾಶ ಸರೀತತಿ. ನಾ ಒಂದೆರಡು ವರ್ಷ ತಿರಗ್ಯಾಡಿ ಬರೂದ್ರಾಗ ಇಲ್ಲಿ ನಲವತ್ತು ವರ್ಷ ಆಗಿರ್ತಾವ. ನಾ ಹಿಂಗ ಇರ್ತೇನಿ. ನಿಮ್ಮ ಮಗಳು ಮುದುಕಿ ಆಗಿರ್ತಾಳ."

ಹೊನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯಪ್ಪಾ ಶಿವನ, ನನ್ನ ಹೊಟ್ಯಾಗ ಇಂಥಾದ್ದು ಹುಟ್ಟಬೇಕಾ!"

"ಮುತ್ತಿನಂಥಾ ಮಗಳನ್ನ ಚುಕ್ಕಿ ಎಣಿಸಾಕ ಕೊಡ್ಲೇನು?" ಮಹಾಲಿಂಗಪ್ಪ ರುಮಾಲು ಸರಿಮಾಡಿಕೊಂಡು ಎದ್ದೇಬಿಟ್ಟ. "ನಡಿ ಯವ್ವಾ, ಬಸ್ ತಪ್ಪತೇತಿ."

ಉಳಿವೆಪ್ಪನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. ಧಾರವಾಡ! ಅವನು ಮನಸ್ಸಿನಲ್ಲೇ ಟ್ರಂಕು ಕಟ್ಟತೊಡಗಿದ. ತಾಯಿಯ ಕಣ್ಣೀರು ನೋಡಿ ಸಂಕಟವಾಯಿತು, ನಿಜ. ಆದರೆ ಕಲಿತು ಬಂದ ಮೇಲೆ ಸಮಾಧಾನ ಮಾಡಿದರಾಯಿತು ಎಂದುಕೊಂಡ.

"ಕುಂದರೋ ಮಹಾಲಿಂಗಾ," ಎಂದಳು ಮುದುಕಿ ಮಹಾದೇವಕ್ಕ. "ತಮ್ಮಾ, ನೀ ಹೋದ್ರ ನಲವತ್ತು ವರ್ಷ ಬರಂಗಿಲ್ಲ ಹೌದಲ್ಲೋ?"

"ಬರಂಗಿಲ್ರಿ ಅಜ್ಜಿ."

"ಹಬ್ಬಕ್ಕ, ಹುಣ್ಣಿವಿಗೆ?"

"ಸಾಧ್ಯನ ಇಲ್ರಿ."

"ಹೊಲಾ, ಮನಿ, ಎತ್ತು?"

"ಎಲ್ಲಾ ಇಲ್ಲೇ ಬಿಟ್ಟು ಹೋಗೂದ್ರಿ."

ಮುದುಕಿಯ ಮುಖ ಅರಳಿತು. "ನಿಮ್ಮಪ್ಪ ನಲವತ್ತು ವರ್ಷ ಅಂಗಳದ ಕಟ್ಟಿ ಬಿಟ್ಟು ಏಳಲಿಲ್ಲೋ ಮಹಾಲಿಂಗಾ! ಸಾರಿಗೆ ಉಪ್ಪಿಲ್ಲ, ರೊಟ್ಟಿ ದಪ್ಪ ಆತು, ಯಾರ ಜೋಡಿ ಮಾತಾಡಿದಿ ಅಂತ ನನ್ನ ಜೀವಾ ಹಿಂಡಿದ. ಹೊಲಾ ಮನಿ ಕೊಟ್ಟು, ತಾನಾಗಿ ಹೊರಗ ಹೊಂಟ ಗಂಡ ಎಷ್ಟು ಮಂದಿಗೆ ಸಿಗ್ತಾನ? ನನ್ನ ಮೊಮ್ಮಗಳು ದಾನವ್ವ ಪುಣ್ಯವಂತಿ. ತಗೊಂಬಾ ಸಕ್ಕರಿ!"

ಉಳಿವೆಪ್ಪ ಸಕ್ಕರೆಯ ತಾಟಿಗೆ ಕೈ ಅಡ್ಡ ಹಿಡಿದ. "ಅಜ್ಜೀ, ತಡೀರಿ! ಅದು ಆಗೂ ಮಾತಲ್ರಿ!" ಎಂದು ಎದ್ದು ನಿಂತ. "ಯಾವದ ವಸ್ತು ಬೆಳಕಿನ ಹತ್ರ ಹತ್ರ ಓಡಿದಂಗ ಅದರ ತೂಕ ಏರ್ತತಿ. ತೂಕ ಏರಿದಂಗ ನೂಕಾಕ ಇನ್ನೂ ಶಕ್ತಿ ಬೇಕು. ಅದಕ್ಕ ಕೊನೀನ ಇಲ್ಲ. ಪರಮಾಣು ಅಲ್ಲ, ಅದರ ಮುತ್ತ್ಯಾನ್ನ ಒಡದ್ರೂ ಬೆಳಕನ್ನ ದಾಟಾಕ ಬರಂಗಿಲ್ಲ!"

"ಓಡಿದ್ರ ತೂಕ ಏರ್ತತೇನು?" ಅಲ್ಲಾಭಕ್ಷ ಬಾಗಿಲಲ್ಲೇ ಹುಬ್ಬೇರಿಸಿದ. "ಹಂಗಿದ್ರ ಕುರಿ ಮಾರೂ ಮಂದಿ ಓಡಿಸಿಕೋತನ ಸಂತಿಗೆ ತರ್ತಿದ್ರು ಬಿಡಪಾ."

"ನೀವು ಸುಮ್ನಿರ್ರಿ ಚಾಚಾ! ಇದು ದೊಡ್ಡವರು ಲೆಕ್ಕಾ ಹಾಕಿ ಬರದದ್ದು. ಬೆಳಕಿನ ಮುಂದ ಯಾರೂ ಹೋಗಂಗಿಲ್ಲ. ನಾನೂ ಹೋಗಂಗಿಲ್ಲ. ನಕ್ಷತ್ರ ಇಲ್ಲ, ಗಾಡಿ ಇಲ್ಲ, ಏನೂ ಇಲ್ಲ!"

ಹೀಗೆ ಹೇಳುವಾಗ ಹುಡುಗನಿಗೆ ಇಷ್ಟು ದಿನ ಸಾಕಿದ ಆಸೆಯನ್ನು ತನ್ನ ಕೈಯಾರೆ ಕೊಂದ ಹಾಗಾಯಿತು. ಆದರೆ ಮುದುಕಿಯ ಮುಖ ಬಾಡಿದ್ದು ಕಂಡು ಮತ್ತೆ ಉಸಿರು ಬಂತು. ಅಬ್ಬಾ, ಉಳಿದೆ!

ಆಗ ಮಹಾಲಿಂಗಪ್ಪ ಮೆಲ್ಲಗೆ ಕೇಳಿದ. "ಹಂಗಾರ ನೀ ಎಲ್ಲಿಗೂ ಹೋಗಂಗಿಲ್ಲ?"

"ಹೆಂಗ ಹೋಗಾಕ ಬರ್ತತ್ರಿ?"

"ಹೊಲಾ ಮನಿ ಬಿಡಂಗಿಲ್ಲ?"

"ಬಿಟ್ಟು ಎಲ್ಲಿಗಂತ..." ಎಂದವನಿಗೆ ತಾನು ಎಲ್ಲಿ ಕಾಲಿಟ್ಟೆ ಎಂಬುದು ಹೊಳೆಯುವಷ್ಟರಲ್ಲಿ ಮಹಾಲಿಂಗಪ್ಪ ಅವನ ಬೆನ್ನು ತಟ್ಟಿಬಿಟ್ಟಿದ್ದ.

"ಭಲೇ! ತಪ್ಪು ತಿಳೀತಂದ್ರ ನಾಲ್ಕು ಮಂದ್ಯಾಗ ಒಪ್ಪಿಕೊಳ್ಳಾಂವ ಗಂಡಸು. ನನಗಿದ್ದದ್ದು ಅದೊಂದ ಅಂಜಿಕಿ. ಬೀಗಿತ್ಯಾರ, ನನ್ನ ಮಗಳನ್ನ ಕೊಟ್ಟೆ!"

"ಹಂಗಲ್ರೀ, ನಾ ಧಾರವಾ..." ಎಂದು ಉಳಿವೆಪ್ಪ ಬಾಯಿ ತೆರೆದ. ತೆರೆದದ್ದೇ ತಪ್ಪಾಯಿತು. ಹೊನ್ನವ್ವ ಕೂಡಿಟ್ಟ ಸಕ್ಕರೆಯ ದೊಡ್ಡದೊಂದು ಹಿಡಿ ಮಹಾಲಿಂಗಪ್ಪನ ಕೈಯಿಂದ ಒಳಗೆ ಹೋಯಿತು. ಹೊನ್ನವ್ವ ಉಸ್ಸೆಂದು ಗೋಡೆಗೆ ಒರಗಿ, ಅಳುತ್ತಲೇ ನಕ್ಕಳು. ಮಹಾಲಿಂಗಪ್ಪ ಇನ್ನೆರಡು ತಾಟು ಉಪ್ಪಿಟ್ಟು ಕೇಳಿ ಹಾಕಿಸಿಕೊಂಡ. ಅಲ್ಲಾಭಕ್ಷ ಎಲ್ಲರ ಕೈಗೂ ಸಕ್ಕರೆ ಹಂಚಿದ. ಆ ಮನೆಯಲ್ಲಿ ನಿರಾಳವಾಗದೆ ಇದ್ದವರು ಇಬ್ಬರೇ: ವರ ಮತ್ತು ಆ ಮುದುಕಿ.

ಹೊರಡುವಾಗ ಮಹಾದೇವಕ್ಕ ಉಳಿವೆಪ್ಪನನ್ನು ಪಡಸಾಲೆಯ ಮೂಲೆಗೆ ಕರೆದಳು. ಅವನ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. ಮಗನಿಗೆ ಕೇಳಿಸದ ಹಾಗೆ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಈಗ ಆಗಂಗಿಲ್ಲ ಅಂದಿ, ಇರ್ಲಿ. ಆದ್ರ ನಮ್ಮ ಹುಡುಗಿ ಸಲುವಾಗಿ, ನೀ ಪ್ರಯತ್ನಾ ಮಾತ್ರ ಬಿಡಬ್ಯಾಡಪಾ ತಮ್ಮಾ."